‘ಸಪೋರ್ಟ್ ಇಲ್ಲ’ ಅನ್ನೋದು ಉತ್ತರ ಅಲ್ಲ ಸ್ವಾಮಿ!

ಕಂಪ್ಯೂಟರ್ ಅಂಗಡಿಯವರ ಬಾಯಲ್ಲಿ ಅತಿ ಹೆಚ್ಚು ಸವೆದಿರೋ ಮಾತು ಯಾವುದು ಗೊತ್ತೇ? ‘ಸಪೋರ್ಟ್ ಇಲ್ಲ.’ ನಮ್ಮ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ದೆಹಲಿಯ ನೆಹರೂ ಪ್ಲೇಸಿಗೆ ಹೋಗಿ, ಚೆನ್ನೈನ ರಿಚಿ ಸ್ಟ್ರೀಟಿಗೆ ಹೋಗಿ, ಅದೂ ಬೇಡ, ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ. ‘ಈ ವೈಫೈ ಕಾರ್ಡು ಲಿನಕ್ಸ್‌ನಲ್ಲಿ ನಡೆಯುತ್ತಾ?’ ಅಂತ ಕೇಳಿ ನೋಡಿ. ಭಾಷೆ ಬೇರೆ ಬೇರೆ, ಉತ್ತರ ಒಂದೇ. ಈ ವರ್ಷ ಮಳೆ ಆಗಿಲ್ಲ ಅನ್ನೋ ಧಾಟಿಯಲ್ಲಿ ಹೇಳ್ತಾರೆ. ಅದೇನೋ ದೈವಚಿತ್ತ, ಯಾರ ಕೈಯಲ್ಲೂ ಇಲ್ಲ ಅನ್ನೋ ಹಾಗೆ!

ಇದು ಮಳೆಯ ವಿಷಯ ಅಲ್ಲ, ನಲ್ಲಿಯ ವಿಷಯ. ನೀರಿದೆ, ಪೈಪಿದೆ, ಯಾರೋ ಒಬ್ಬರು ಕೂತು ತೀರ್ಮಾನ ಮಾಡಿ ನಲ್ಲಿ ಬಂದ್ ಮಾಡಿದ್ದಾರೆ. ಬಂದ್ ಮಾಡಿದವರು ಯಾರು, ಯಾಕೆ ಮಾಡಿದರು, ನಾವು ಯಾಕೆ ತೆಪ್ಪಗೆ ಇದ್ದೀವಿ ಅನ್ನೋದೇ ಇವತ್ತಿನ ನನ್ನ ತಕರಾರು. ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ. ಗದಗಿನ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಡೊಂಬಿವಲಿಯಲ್ಲಿ ಇದ್ದುಕೊಂಡು, ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋಗಿ ಅಕೌಂಟ್ಸ್ ನೋಡಿಕೊಳ್ಳೋ ಮನುಷ್ಯ. ದುಡ್ಡು ಕೊಟ್ಟು ಕೊಂಡ ಸಾಮಾನು ಯಾಕೆ ನಡೀತಿಲ್ಲ ಅಂತ ಕೇಳೋಕೆ ಇಂಜಿನಿಯರ್ ಆಗಬೇಕಾಗಿಲ್ಲವಲ್ಲ!

ಮೊದಲು ಡ್ರೈವರ್ ಅಂದರೆ ಏನು ಅಂತ ಎರಡೇ ಮಾತಿನಲ್ಲಿ ಹೇಳಿಬಿಡ್ತೀನಿ. ವೈಫೈ ಕಾರ್ಡು ಅಂದರೆ ಒಂದು ಪುಟ್ಟ ರೇಡಿಯೋ. ಚಾನಲ್ ಬದಲಾಯಿಸೋಕೆ ಅದರ ಯಾವ ಖಾನೆಯಲ್ಲಿ ಯಾವ ಅಂಕಿ ಬರೀಬೇಕು, ಬಂದ ಮಾಹಿತಿಯನ್ನ ಎಲ್ಲಿಂದ ಎತ್ತಿಕೋಬೇಕು, ಯಾವಾಗ ನಿದ್ದೆ ಮಾಡಿಸಬೇಕು, ಯಾವಾಗ ಎಬ್ಬಿಸಬೇಕು ಅನ್ನೋದೆಲ್ಲ ಅದನ್ನ ಮಾಡಿದವನಿಗೆ ಗೊತ್ತು. ಈ ಗುಟ್ಟನ್ನ ಆಪರೇಟಿಂಗ್ ಸಿಸ್ಟಮ್‌ಗೆ ಅರ್ಥವಾಗೋ ಭಾಷೆಯಲ್ಲಿ ಬರೆದಿಟ್ಟರೆ ಅದೇ ಡ್ರೈವರ್. ಅನೇಕ ಕಾರ್ಡುಗಳಿಗೆ ಇದರ ಜೊತೆ ಇನ್ನೊಂದು ಬೇಕು, ಫರ್ಮ್‌ವೇರ್. ಅದು ಕಾರ್ಡಿನೊಳಗೇ ಓಡೋ ಸಣ್ಣ ಪ್ರೋಗ್ರಾಮು. ಕಂಪ್ಯೂಟರ್ ಶುರುವಾದಾಗೆಲ್ಲ ಅದನ್ನ ಕಾರ್ಡಿನ ಹೊಟ್ಟೆಗೆ ಹಾಕಬೇಕು, ಇಲ್ಲದಿದ್ದರೆ ಕಾರ್ಡು ಕಣ್ಣೇ ಬಿಡಲ್ಲ.

ಈಗ ನೋಡಿ. ಕಾರ್ಡಿದೆ, ಚೆನ್ನಾಗಿದೆ, ಕರೆಂಟು ಹೋಗ್ತಿದೆ. ಲಿನಕ್ಸ್‌ನಲ್ಲಿ ಡ್ರೈವರ್ ಬರೆಯೋಕೆ ಜನ ತುದಿಗಾಲಲ್ಲಿ ನಿಂತಿದ್ದಾರೆ. ಇಲ್ಲದಿರೋದು ಒಂದೇ, ಚಿಪ್ಪಿನ ದಾಖಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ಇವರನ್ನ ನೋಡಿಯೇ ಇರಬೇಕು.

‘ಅಯ್ಯೋ, ಲಿನಕ್ಸ್ ಉಪಯೋಗಿಸೋರು ಬೆರಳೆಣಿಕೆ ಜನ, ಅವರಿಗೋಸ್ಕರ ಕಂಪನಿ ಯಾಕೆ ಖರ್ಚು ಮಾಡಬೇಕು?’ ಅಂತ ಬುದ್ಧಿವಂತರು ಕೇಳ್ತಾರೆ. ಖರ್ಚು ಮಾಡಿ ಅಂತ ಯಾರು ಕೇಳಿದ್ದು ಸ್ವಾಮಿ? 2007ರಲ್ಲೇ ಲಿನಕ್ಸ್ ಕರ್ನಲ್‌ನ ಹಿರಿಯ ಡೆವಲಪರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಬಹಿರಂಗವಾಗಿ ಹೇಳಿದರು: ಯಾವ ಕಂಪನಿ ಬೇಕಾದರೂ ಬರಲಿ, ದಾಖಲೆ ಕೊಡಲಿ, ನಾವು ಬಿಟ್ಟಿಯಾಗಿ ಡ್ರೈವರ್ ಬರೆದುಕೊಡ್ತೀವಿ ಅಂತ. ದಾಖಲೆ ಗುಟ್ಟಾಗಿರಬೇಕು ಅಂದರೆ ಕರಾರಿಗೆ ಸಹಿ ಹಾಕೋಕೂ ತಯಾರು ಅಂದರು. ಬಿಟ್ಟಿ ಚಾಕರಿಗೆ ಜನ ಸಿಕ್ಕರೂ ಬಾಗಿಲು ತೆಗೆಯದವನು ಖರ್ಚಿನ ಲೆಕ್ಕ ಹೇಳಬಾರದು. ಇದು ಅಕೌಂಟ್ಸ್ ನೋಡೋ ನನ್ನ ಮಾತು.

ಬಾಗಿಲು ತೆಗೆಯದಿದ್ದಾಗ ಜನ ಏನು ಮಾಡಿದರು ಅನ್ನೋ ಕಥೆ ರೋಚಕವಾಗಿದೆ. ಬ್ರಾಡ್‌ಕಾಮ್ ಚಿಪ್ಪಿನ ಚರಿತ್ರೆಯನ್ನೇ ತಗೊಳ್ಳಿ. 2000ದ ದಶಕದಲ್ಲಿ ಲೆಕ್ಕವಿಲ್ಲದಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದೇ ಚಿಪ್ಪು. ಲಿನಕ್ಸ್‌ಗೆ ಡ್ರೈವರ್ ಇಲ್ಲ, ದಾಖಲೆಯೂ ಇಲ್ಲ. ಆಗ ಎರಡು ದಾರಿ ಹುಟ್ಟಿಕೊಂಡವು. ಒಂದು ಎನ್‌ಡಿಐಎಸ್‌ರಾಪರ್. ವಿಂಡೋಸ್‌ಗೆ ಅಂತ ಬರೆದ ಡ್ರೈವರನ್ನೇ ತಂದು, ‘ನೀನು ವಿಂಡೋಸ್‌ನಲ್ಲೇ ಇದ್ದೀಯಪ್ಪಾ’ ಅಂತ ನಂಬಿಸಿ ಲಿನಕ್ಸ್ ಒಳಗೆ ಓಡಿಸೋ ಉಪಾಯ. ನಾಟಕ ನಡೀತಿತ್ತು, ಆದರೆ ಬಣ್ಣ ಯಾವಾಗ ಕಳಚುತ್ತೋ ಗೊತ್ತಿರಲಿಲ್ಲ. 64 ಬಿಟ್ ಲಿನಕ್ಸ್ ಇದ್ದರೆ ಡ್ರೈವರೂ 64 ಬಿಟ್‌ನದ್ದೇ ಹುಡುಕಬೇಕು, ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಯಾರಿಗೂ ಹೇಳೋಕೆ ಬರ್ತಿರಲಿಲ್ಲ.

ಇನ್ನೊಂದು ದಾರಿ ನಿಜವಾದ ತಪಸ್ಸು. ಒಂದು ಗುಂಪು ಕಂಪನಿಯ ಡ್ರೈವರನ್ನ ಬಿಚ್ಚಿ ನೋಡಿ ಚಿಪ್ಪು ಹೇಗೆ ನಡೆಯುತ್ತೆ ಅನ್ನೋ ವಿವರಣೆ ಬರೆಯೋದು. ಮತ್ತೊಂದು ಗುಂಪು ಆ ಡ್ರೈವರನ್ನ ಕಣ್ಣೆತ್ತಿಯೂ ನೋಡದೆ, ಬರೀ ಆ ವಿವರಣೆ ಓದಿಕೊಂಡು ಹೊಸದಾಗಿ ಕೋಡ್ ಬರೆಯೋದು. ನಾಳೆ ಯಾರೂ ‘ಕದ್ದರು’ ಅನ್ನಬಾರದು ನೋಡಿ, ಅದಕ್ಕೆ ಈ ಮಡಿ. ಹೀಗೆ ಹುಟ್ಟಿದ ಡ್ರೈವರ್ 2006ರ ಜೂನ್‌ನಲ್ಲಿ ಬಂದ 2.6.17 ಕರ್ನಲ್ ಸೇರಿತು. ಅಷ್ಟಾದರೂ ಫರ್ಮ್‌ವೇರ್ ಹಂಚೋಕೆ ಅನುಮತಿ ಇರಲಿಲ್ಲ. ಬಳಸೋನು ಕಂಪನಿಯ ಡ್ರೈವರ್ ಫೈಲು ಇಳಿಸಿಕೊಂಡು, ಅದನ್ನ ಒಂದು ಪುಟ್ಟ ಪ್ರೋಗ್ರಾಮಿನಿಂದ ಕತ್ತರಿಸಿ, ಒಳಗಿನ ಫರ್ಮ್‌ವೇರ್ ತೆಗೆದುಕೊಳ್ಳಬೇಕಿತ್ತು. ಇಂಟರ್ನೆಟ್ ಬೇಕು ಅಂದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಬೇಕು ಅಂದರೆ ಇಂಟರ್ನೆಟ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ!

ಹಾಗಾದರೆ ಆ ಕಂಪನಿಗೆ ಲಿನಕ್ಸ್ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದೇ ಕಾಲದ ಪ್ರಸಿದ್ಧ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರ್ ಒಳಗೆ ಓಡ್ತಿದ್ದದ್ದು ಲಿನಕ್ಸ್, ಅದರಲ್ಲಿದ್ದದ್ದು ಬ್ರಾಡ್‌ಕಾಮ್ ಚಿಪ್ಪೇ! ಅಂದರೆ ಆ ಚಿಪ್ಪುಗಳಿಗೆ ಲಿನಕ್ಸ್‌ನಲ್ಲಿ ಓಡೋ ಡ್ರೈವರ್ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಪೆಟ್ಟಿಗೆ ಮಾರಾಟವಾಗ್ತಿತ್ತು, ಲ್ಯಾಪ್‌ಟಾಪ್ ಕೊಂಡವನ ಕೈಗೆ ಮಾತ್ರ ಸಿಗ್ತಿರಲಿಲ್ಲ. ಕಡೆಗೆ 2010ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೀಳಲ್ಲ ಅಂತ ಮೊದಲೇ ಗೊತ್ತಾಗಿದ್ದರೆ ಅಷ್ಟು ಜನರ ಅಷ್ಟು ವರ್ಷದ ನಿದ್ದೆ ಉಳೀತಿತ್ತು.

ಇನ್ನೊಂದು ವಾದ ಇದೆ, ಸ್ವಲ್ಪ ತೂಕದ್ದು. ‘ವೈಫೈ ಅಂದರೆ ರೇಡಿಯೋ. ಎಷ್ಟು ಶಕ್ತಿಯಲ್ಲಿ, ಯಾವ ತರಂಗದಲ್ಲಿ ಬಿತ್ತರಿಸಬೇಕು ಅನ್ನೋದಕ್ಕೆ ಕಾನೂನಿದೆ. ಕೋಡ್ ಬಿಚ್ಚಿಟ್ಟರೆ ಯಾರು ಬೇಕಾದರೂ ತಿದ್ದಿ ಕಾನೂನು ಮುರೀತಾರೆ.’ ಕಾನೂನಿದೆ, ಒಪ್ಪಿದೆ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ ಅಂತ ಆದದ್ದು 2005ರಲ್ಲಿ, ಅದೂ ಇಂತಿಷ್ಟೇ ಶಕ್ತಿ ಅನ್ನೋ ಮಿತಿಯೊಳಗೆ. ಆದರೆ ಇದೇ ಕಾನೂನು ಅಥೆರೋಸ್ ಕಂಪನಿಗೂ ಇತ್ತಲ್ಲ? ಅವರು 2008ರಲ್ಲಿ ತಮ್ಮ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರನ್ನ ತಾವೇ ಕೊಟ್ಟರು. 2013ರಲ್ಲಿ ಎರಡು ಯುಎಸ್‌ಬಿ ಚಿಪ್ಪುಗಳ ಫರ್ಮ್‌ವೇರ್‌ನ ಮೂಲ ಕೋಡ್ ಕೂಡ ಹೊರಬಂತು. ಅಮೆರಿಕದ ಎಫ್‌ಸಿಸಿಯನ್ನೇ ನೋಡಿ. 2016ರಲ್ಲಿ ರೌಟರ್‌ಗಳ ಶಕ್ತಿಮಿತಿ ವಿಷಯದಲ್ಲಿ ಟಿಪಿ-ಲಿಂಕ್ ಜೊತೆ ಎರಡು ಲಕ್ಷ ಡಾಲರಿನ ಒಪ್ಪಂದ ಆದಾಗ, ಬೇರೆಯವರು ಬರೆದ ಮುಕ್ತ ಫರ್ಮ್‌ವೇರ್ ಹಾಕಿಕೊಳ್ಳೋಕೆ ದಾರಿ ಮಾಡಿಕೊಡಬೇಕು ಅನ್ನೋದೂ ಅದರಲ್ಲಿ ಸೇರಿತ್ತು. ಕಾನೂನು ಕಾಯೋರೇ ಮುಕ್ತ ಕೋಡಿಗೆ ಜಾಗ ಬಿಡಿ ಅಂದಮೇಲೆ ಕಾನೂನಿನ ಗುಮ್ಮ ಯಾರಿಗೆ ತೋರಿಸ್ತೀರಿ?

ಮೂರನೇ ವಾದ ವ್ಯಾಪಾರದ ಗುಟ್ಟು. ಎದುರಾಳಿ ಕಂಪನಿ ನೋಡಿ ಕಲಿತುಬಿಡುತ್ತೆ ಅನ್ನೋ ಭಯ. ಎದುರಾಳಿಯ ಹತ್ತಿರ ಪ್ರಯೋಗಾಲಯ ಇದೆ, ಸಂಬಳ ತಗೊಳ್ಳೋ ಇಂಜಿನಿಯರುಗಳಿದ್ದಾರೆ. ಬಿಡುವಿನ ವೇಳೆಯಲ್ಲಿ ಹವ್ಯಾಸಿಗಳೇ ಬಿಚ್ಚಿ ನೋಡೋಕೆ ಆಗಿದ್ದು ಅವರಿಗೆ ಆಗಲ್ಲವೇ? ಗುಟ್ಟು ಉಳಿದಿರೋದು ಗಿರಾಕಿಯಿಂದ ಮಾತ್ರ.

ಇಷ್ಟೆಲ್ಲ ಹಳೇ ಪುರಾಣ ಈಗ ಯಾಕೆ ಅಂತ ಕೇಳ್ತೀರಾ? ಯಾಕೆಂದರೆ ಈ ಮಾತು ಈಗ ವಿಂಡೋಸ್ ಬಳಸೋರ ಮನೆ ಬಾಗಿಲಿಗೂ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಇಂಟೆಲ್‌ನ ಏಳನೇ ತಲೆಮಾರಿನವರೆಗಿನ ಬಹುತೇಕ ಎಲ್ಲ ಯಂತ್ರಗಳೂ ಪಟ್ಟಿಯಿಂದ ಹೊರಗೆ. ಕೀಬೋರ್ಡ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ಆದರೂ ‘ಸಪೋರ್ಟ್ ಇಲ್ಲ’. ನಮ್ಮ ಆಫೀಸಿನಲ್ಲೂ ಇಂಥ ಲ್ಯಾಪ್‌ಟಾಪ್‌ಗಳನ್ನ ಗುಜರಿ ಬೆಲೆಗೆ ಹಂಚಿದರು. ನಾವು ಊರು ಬಿಟ್ಟವರು ಏನು ಮಾಡ್ತೀವಿ? ಹಳೇ ಸಾಮಾನು ಊರಿಗೆ ಕಳಿಸ್ತೀವಿ. ಸ್ವೆಟರು, ಮಿಕ್ಸರು, ಮೊಬೈಲು, ಈಗ ಲ್ಯಾಪ್‌ಟಾಪು.

ನಾನೂ ಒಂದು ತಂದೆ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದ್ತಿರೋ ಹೆಂಡತಿಯ ಅಣ್ಣನ ಮಗಳಿಗೆ ಅಂತ. ಲಿನಕ್ಸ್ ಮಿಂಟ್ ಹಾಕಿದೆ. ಸೌಂಡು, ಕ್ಯಾಮೆರಾ, ಕನ್ನಡ ಟೈಪಿಂಗ್ ಎಲ್ಲ ತಾವಾಗೇ ಬಂದವು. ವೈಫೈ ಬರಲಿಲ್ಲ. ಕಾರ್ಡು ತೆಗೆದು ಬೇರೆ ಹಾಕೋಣ ಅಂತ, ಹಳೇ ಲ್ಯಾಪ್‌ಟಾಪಿನಲ್ಲಿದ್ದ ಒಳ್ಳೇ ಕಾರ್ಡೊಂದನ್ನ ಸ್ಕ್ರೂ ಬಿಚ್ಚಿ ಕೂರಿಸಿದೆ. ಶುರು ಮಾಡಿದರೆ ಯಂತ್ರ ಏನನ್ನಬೇಕು? ಈ ಕಾರ್ಡಿಗೆ ಅನುಮತಿ ಇಲ್ಲ, ತೆಗೆದು ಮತ್ತೆ ಶುರು ಮಾಡು! ಹೌದು ಸ್ವಾಮಿ, ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ‘ಇಂಥ ಕಾರ್ಡುಗಳು ಮಾತ್ರ’ ಅನ್ನೋ ಪಟ್ಟಿ ಕೂರಿಸಿರ್ತಾರೆ. ನನ್ನ ದುಡ್ಡಿನ ಯಂತ್ರಕ್ಕೆ ನಾನು ಯಾವ ಕಾರ್ಡು ಹಾಕಬೇಕು ಅಂತ ಕಂಪನಿಯ ಅಪ್ಪಣೆ ಬೇಕು.

ಸರಿ, ಯುಎಸ್‌ಬಿ ಡಾಂಗಲ್ ಕೊಂಡೆ. ಡಬ್ಬದ ಮೇಲೆ ಪೆಂಗ್ವಿನ್ ಚಿತ್ರ, ‘ಲಿನಕ್ಸ್ ಸಪೋರ್ಟ್’ ಅಂತ ದಪ್ಪಕ್ಷರ. ಚುಚ್ಚಿದರೆ ಅದು ರೇಡಿಯೋ ಅಂತ ತೋರಿಸಿಕೊಳ್ಳದೆ ಪುಟ್ಟ ಸಿಡಿ ಡ್ರೈವ್ ವೇಷ ಹಾಕಿಕೊಂಡು ಕೂತಿತು. ಒಳಗೆ ವಿಂಡೋಸ್‌ನ ಡ್ರೈವರ್. ಲಿನಕ್ಸ್‌ನದು ಯಾವುದೋ ಓಬೀರಾಯನ ಕಾಲದ ಕರ್ನಲ್‌ಗೆ ಬರೆದ ಕೋಡಿನ ಗಂಟು. ಯಾರೋ ಪುಣ್ಯಾತ್ಮರು ಅದನ್ನ ಹೊಸ ಕರ್ನಲ್‌ಗೆ ತಿದ್ದಿಟ್ಟಿದ್ದರು. ಮೊಬೈಲನ್ನ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ, ಟೆದರಿಂಗ್ ಮಾಡಿ, ಅದನ್ನ ಇಳಿಸಿ, ಕಂಪೈಲ್ ಮಾಡಿ ರಾತ್ರಿ ಒಂದೂವರೆಗೆ ವೈಫೈ ಬಂತು. ಸಂತೋಷದಿಂದ ಊರಿಗೆ ಕಳಿಸಿದೆ. ಮೂರು ವಾರಕ್ಕೆ ಫೋನು: ‘ಮಾಮಾ, ಅಪ್‌ಡೇಟ್ ಬಂತು, ವೈಫೈ ಹೋಯ್ತು. ನಾಳೆ ಅಸೈನ್‌ಮೆಂಟ್ ಅಪ್‌ಲೋಡ್ ಮಾಡಬೇಕು.’

ಯಾಕೆ ಹೋಯ್ತು? ಇಲ್ಲೇ ಇದೆ ತಿರುಳು. ಲಿನಕ್ಸ್ ಕರ್ನಲ್‌ನ ಒಳಗಿನ ಜೋಡಣೆಗಳು ಬದಲಾಗ್ತಾ ಇರುತ್ತವೆ. ಬದಲಾಯಿಸೋರು ಕರ್ನಲ್ ಒಳಗಿರೋ ಡ್ರೈವರುಗಳನ್ನ ತಾವೇ ಸರಿಮಾಡ್ತಾರೆ, ಅದು ಅಲ್ಲಿಯ ಪದ್ಧತಿ. ಹೊರಗಿರೋ ಡ್ರೈವರು ಮಾತ್ರ ಅನಾಥ. ಕರ್ನಲ್ ಬದಲಾದಾಗೆಲ್ಲ ಅದನ್ನ ಮತ್ತೆ ಕಟ್ಟಬೇಕು. ಅದನ್ನ ತಾನಾಗೇ ಕಟ್ಟೋ ವ್ಯವಸ್ಥೆ ಇದೆ, ಆದರೆ ಕೋಡೇ ಹಳತಾಗಿದ್ದರೆ ಅದೂ ಕೈಚೆಲ್ಲುತ್ತೆ. ಆದ್ದರಿಂದ ಡಬ್ಬದ ಮೇಲಿನ ಪೆಂಗ್ವಿನ್‌ಗೆ ಬೆಲೆ ಇಲ್ಲ. ಡ್ರೈವರ್ ಕರ್ನಲ್ ಒಳಗಿದೆಯೋ ಇಲ್ಲವೋ ಅನ್ನೋದೊಂದೇ ಪ್ರಶ್ನೆ. ಒಂದು ಸಲ ಕೋಡ್ ಎಸೆದು ಕೈತೊಳೆದುಕೊಳ್ಳೋದು ಸಪೋರ್ಟ್ ಅಲ್ಲ, ಜಾತ್ರೆಯ ವ್ಯಾಪಾರ.

ಆ ಹುಡುಗಿಗೆ ಫೋನಿನಲ್ಲೇ ದಾರಿ ಹೇಳಿದೆ: ಕಂಪ್ಯೂಟರ್ ಶುರುವಾಗುವಾಗ ಹಳೇ ಕರ್ನಲ್ ಆರಿಸಿಕೋ, ಮೊದಲು ಅಸೈನ್‌ಮೆಂಟ್ ಕಳಿಸು, ಉಳಿದದ್ದು ಆಮೇಲೆ. ಕೆಲಸ ಆಯ್ತು. ಆದರೆ ಅವಳು ಕೇಳಿದ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಮಾಮಾ, ಮಾಮಾ ಇಲ್ಲದವರು ಏನು ಮಾಡ್ತಾರ?’ ಅಂದಳು.

ಏನು ಮಾಡ್ತಾರೆ? ಲ್ಯಾಪ್‌ಟಾಪ್ ಮೂಲೆಗೆ ಇಡ್ತಾರೆ. ಸಾಲ ಮಾಡಿ ಹೊಸದು ಕೊಳ್ತಾರೆ. ಇಲ್ಲವೇ ಕಂಪ್ಯೂಟರ್ ನಮ್ಮಂಥವರಿಗಲ್ಲ ಅಂತ ಬಿಟ್ಟುಬಿಡ್ತಾರೆ. ಊರು ಬಿಟ್ಟು ಬಂದ ನಮಗೆ ಈ ಅವಸ್ಥೆ ಹೊಸದೇನೂ ಅಲ್ಲ. ಹೊಸ ಊರಿನಲ್ಲಿ ಗ್ಯಾಸ್ ಕನೆಕ್ಷನ್‌ಗೆ, ರೇಷನ್ ಕಾರ್ಡಿಗೆ ಅಲೆದವರಿಗೆ ಗೊತ್ತು. ‘ನಿಮ್ಮ ಕಾಗದ ಇಲ್ಲಿ ನಡೆಯಲ್ಲ’ ಅಂತ ಕಿಟಕಿಯೊಳಗಿಂದ ಬರೋ ದನಿ. ಯಾವ ಕಾಗದ ನಡೆಯುತ್ತೆ ಅಂತ ಮಾತ್ರ ಹೇಳಲ್ಲ. ‘ಸಪೋರ್ಟ್ ಇಲ್ಲ’ ಅನ್ನೋದು ಅದೇ ಕಿಟಕಿ, ಅದೇ ದನಿ.

ನಮ್ಮ ಲಿನಕ್ಸ್ ಪಂಥದ ಮಡಿವಂತರಿಗೂ ಎರಡು ಮಾತು ಹೇಳಬೇಕು. ಡೆಬಿಯನ್‌ನವರು ಬಹಳ ವರ್ಷ ತಮ್ಮ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಸೇರಿಸ್ತಿರಲಿಲ್ಲ. ತತ್ವ ದೊಡ್ಡದು, ಗೌರವಿಸ್ತೀನಿ. ಆದರೆ ಫಲ ಏನು? ತಂತಿಯ ಇಂಟರ್ನೆಟ್ ಇಲ್ಲದ ಮನೆಯ ಹುಡುಗ ಅರ್ಧ ದಾರಿಯಲ್ಲಿ ನಿಂತುಬಿಡ್ತಿದ್ದ, ವಿಂಡೋಸ್‌ಗೇ ವಾಪಸ್ ಹೋಗ್ತಿದ್ದ. 2022ರಲ್ಲಿ ಅವರೇ ಮತ ಹಾಕಿ ನಿಯಮ ಬದಲಿಸಿದರು, 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರ್ತಿದೆ. ನಾನು ಆ ನಿರ್ಧಾರದ ಕಡೆಗೆ. ಗುಟ್ಟು ಮುಚ್ಚಿಟ್ಟವನು ಕಂಪನಿಯವನು, ಉಪವಾಸ ಬೀಳಬೇಕಾದವನು ಬಳಸೋ ಹುಡುಗನೇ? ಇದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡ ಹಾಗೆ. ಮೊದಲು ಅವನನ್ನ ಒಳಗೆ ಕರೆದು ಕೂರಿಸಿ, ಆಮೇಲೆ ಕಂಪನಿಯ ಜೊತೆ ಜಗಳ ಆಡೋಣ, ಅವನೂ ನಮ್ಮ ಜೊತೆ ದನಿಗೂಡಿಸ್ತಾನೆ. ‘ಬೇರೆ ಕಾರ್ಡು ತಗೋ’ ಅಂತ ಸಲೀಸಾಗಿ ಹೇಳೋರಿಗೂ ಇದೇ ಮಾತು. ಆ ಬೇರೆ ಕಾರ್ಡಿನ ದುಡ್ಡು ಅವನ ಒಂದು ತಿಂಗಳ ಬಸ್ ಪಾಸು ಇರಬಹುದು.

ಹಾಗಾದರೆ ನಾವು ಕೇಳೋದೇನು? ನಾಲ್ಕೇ ನಾಲ್ಕು. ಒಂದು, ಡಬ್ಬದ ಮೇಲೆ ಚಿಪ್ಪಿನ ಹೆಸರು ಹಾಕಿ. ಮಾದರಿಯ ಹೆಸರು ಸಾಲದು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಅನ್ನೋ ಡಾಂಗಲಿನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಚಿಪ್ಪಿತ್ತು, ಎರಡನೆಯದರಲ್ಲಿ ರಿಯಲ್‌ಟೆಕ್ ಬಂತು, ಹೆಸರು ಮಾತ್ರ ಅದೇ. ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆಯೋ ದೇಶದಲ್ಲಿ ಇದೇನು ಕಷ್ಟ? ಎರಡು, ಚಿಪ್ಪಿನ ದಾಖಲೆ ಕೊಡಿ. ಮೂರು, ಫರ್ಮ್‌ವೇರ್ ಬಿಚ್ಚಿಡದಿದ್ದರೂ ಹಂಚೋಕೆ ಅನುಮತಿ ಕೊಡಿ. ನಾಲ್ಕು, ಬಯೋಸ್‌ನಲ್ಲಿರೋ ಆ ಪಟ್ಟಿ ತೆಗೀರಿ. ಇದರಲ್ಲಿ ಕಂಪನಿಗೆ ಹೊರೆಯಾಗೋ ಖರ್ಚು ಯಾವುದು ಹೇಳಿ?

ಸರ್ಕಾರಕ್ಕೂ ಕೇಳಬೇಕು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಅಂತ ಪೋರ್ಟಲ್ ಶುರು ಮಾಡಿತು. ಒಳ್ಳೇದು. ಆದರೆ ಮಿಕ್ಸರಿಗೆ ಬಿಡಿಭಾಗ ಅಂದರೆ ಬ್ಲೇಡು, ವೈಫೈ ಕಾರ್ಡಿಗೆ ಬಿಡಿಭಾಗ ಅಂದರೆ ದಾಖಲೆ. ಈ ಅರಿವು ಆ ಹಕ್ಕಿನೊಳಗೆ ಸೇರಬೇಕು. ಕೊಳ್ಳೋದ್ರಲ್ಲೂ ಶಕ್ತಿ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಟ್ಟಲೆಯಿಂದ ಲಿನಕ್ಸ್‌ನಲ್ಲೇ ಪಾಠ ಮಾಡ್ತಿವೆ. ಅಷ್ಟು ದೊಡ್ಡ ಗಿರಾಕಿ ‘ಲಿನಕ್ಸ್‌ನಲ್ಲಿ ನಡೆಯದ ಯಂತ್ರ ಬೇಡ’ ಅಂದರೆ ಮಾರೋಕೆ ಬಂದವನು ಹುಡುಕಿಕೊಂಡು ಒಳ್ಳೇ ಕಾರ್ಡು ಹಾಕಿಯೇ ತರಬೇಕಾಗುತ್ತೆ.

ನಾವು ಸಣ್ಣ ಗಿರಾಕಿಗಳು ಏನು ಮಾಡಬಹುದು? ಅಂಗಡಿಗೆ ಹೋಗುವಾಗ ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಜೇಬಿನಲ್ಲಿ ಇಟ್ಟುಕೊಳ್ಳಿ. ಹಳೇ ಲ್ಯಾಪ್‌ಟಾಪ್ ಕೊಳ್ಳೋ ಮೊದಲು ಅದರಿಂದಲೇ ಶುರು ಮಾಡಿಸಿ, ವೈಫೈ ಹೆಸರುಗಳು ಕಾಣ್ತವಾ ನೋಡಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಅಂದರೆ ಒಳಗಿನ ಕಾರ್ಡು, ‘ಎಲ್‌ಎಸ್‌ಯುಎಸ್‌ಬಿ’ ಅಂದರೆ ಡಾಂಗಲು ಯಾರದು ಅಂತ ಗೊತ್ತಾಗುತ್ತೆ. ಕಾಣದಿದ್ದರೆ ಅಂಗಡಿಯವನ ಮುಖ ನೋಡಿ ಜೋರಾಗಿ ಹೇಳಿ: ‘ಇದು ಬೇಡ, ಇದರ ಚಿಪ್ಪಿನವರು ದಾಖಲೆ ಕೊಡಲ್ಲ.’ ಪಕ್ಕದ ಗಿರಾಕಿಗೂ ಕೇಳಿಸಲಿ. ಊರಿಗೆ ಲ್ಯಾಪ್‌ಟಾಪ್ ಕಳಿಸೋರು ವೈಫೈ ಪರೀಕ್ಷೆ ಮಾಡಿಯೇ ಕಳಿಸಿ. ನಮ್ಮ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಡೋ ಜೊತೆಗೆ ಒಂದು ಭಾನುವಾರ ಹಳೇ ಲ್ಯಾಪ್‌ಟಾಪ್ ಸರಿಮಾಡೋ ಕೂಟ ಇಟ್ಟರೆ, ಊರಲ್ಲಿ ಮಾಮಾ ಇಲ್ಲದ ಎಷ್ಟೋ ಮಕ್ಕಳಿಗೆ ನಾವೇ ಮಾಮಾ ಆಗಬಹುದು :)

ಇನ್ನು ಮುಂದೆ ಯಾರಾದರೂ ‘ಸಪೋರ್ಟ್ ಇಲ್ಲ’ ಅಂದರೆ ತಲೆ ಆಡಿಸಿಕೊಂಡು ವಾಪಸ್ ಬರಬೇಡಿ. ‘ಯಾರು ಕೊಡ್ತಿಲ್ಲ?’ ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಏನಂತೀರಿ?